ತುರ್ತು ಚಿಕಿತ್ಸಾ ವಿಭಾಗದ ಕಿರಿಯ ವೈದ್ಯರು

ಅಪರಾತ್ರಿಯಲ್ಲಿ ರೋಗಿಯೊಬ್ಬರನ್ನು ಜಿಲ್ಲಾ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆದೊಯ್ದ ಬಂಧುಗಳು ಒಳಗೆ ಕಾಲಿಟ್ಟೊಡನೆ ಕೇಳುವ ಮೊದಲ ಪ್ರಶ್ನೆ ‘ದೊಡ್ಡ ಡಾಕ್ಟರು ಎಲ್ಲಿ?’ ಎಂಬುದಾಗಿರುತ್ತದೆ. ಅವರೆದುರು ನಿಂತಿರುವುದು ಇಪ್ಪತ್ಮೂರು ಇಪ್ಪತ್ನಾಲ್ಕು ವರ್ಷದ, ಕೊರಳಿಗೆ ಸ್ಟೆತೊಸ್ಕೋಪು ಹಾಕಿಕೊಂಡ, ಕಣ್ಣು ಕೆಂಪಾದ ಹುಡುಗನೋ ಹುಡುಗಿಯೋ. ‘ನಾನೇ ಡಾಕ್ಟರ್, ಹೇಳಿ’ ಎಂದರೆ ಬಂದವರ ಮುಖ ಬಾಡುತ್ತದೆ. ಕೆಲವೊಮ್ಮೆ ಮಾತು ಬೆಳೆಯುತ್ತದೆ. ಇನ್ನೂ ಕೆಲವೊಮ್ಮೆ ಕೈಯೂ ಏಳುತ್ತದೆ. ಈ ಕಿರಿಯ ವೈದ್ಯರು ಯಾರು, ಅವರು ಅಲ್ಲಿ ಮಾಡುವ ಕೆಲಸವೇನು, ಬಂದವರಿಗೆ ವಿಚಿತ್ರವಾಗಿ ತೋರುವ ಕ್ರಮದಲ್ಲಿ ಅವರೇಕೆ ನಡೆದುಕೊಳ್ಳುತ್ತಾರೆ ಎಂಬುದನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶವಾಗಿದೆ. ಆಯುರ್ವೇದ ವೈದ್ಯರಾದ ನಮಗೆ ಈ ವಿಷಯದಲ್ಲಿ ಮಾತಾಡುವ ಅಧಿಕಾರವೆಲ್ಲಿಯದು ಎಂದು ಯಾರಾದರೂ ಕೇಳಬಹುದು. 1980ರ ದಶಕದಲ್ಲಿ ಬಿ.ಎ.ಎಂ.ಎಸ್. ಮುಗಿಸಿದ ನಾವು ಇಂಟರ್ನ್‌ಶಿಪ್ಪಿನ ಒಂದು ಭಾಗವನ್ನು ಜಿಲ್ಲಾ ಆಸ್ಪತ್ರೆಯಲ್ಲಿ ಕಳೆದವರು. ಆಗ ಅದಕ್ಕೆ ‘ಕ್ಯಾಜುವಲ್ಟಿ’ ಎಂದೇ ಹೆಸರು. ಅನಂತರದ ವರ್ಷಗಳಲ್ಲಿಯೂ ನಮ್ಮ ಚಿಕಿತ್ಸಾಲಯದಿಂದ ಅಲ್ಲಿಗೆ ಕಳುಹಿಸಿದ ರೋಗಿಗಳ ಹಿಂದೆ ಹೋಗಿ ನಿಂತದ್ದು ಎಷ್ಟು ಸಲವೋ ಲೆಕ್ಕವಿಟ್ಟಿಲ್ಲ.

ಮೊದಲು ಶ್ರೇಣಿಯನ್ನು ತಿಳಿಯೋಣ. ನಾಲ್ಕೂವರೆ ವರ್ಷದ ಎಂ.ಬಿ.ಬಿ.ಎಸ್. ವ್ಯಾಸಂಗದ ನಂತರ ಒಂದು ವರ್ಷ ಕಡ್ಡಾಯವಾಗಿ ಆಸ್ಪತ್ರೆಯಲ್ಲಿ ದುಡಿಯುವವರು ಇಂಟರ್ನಿಗಳು. ಜನಬಳಕೆಯಲ್ಲಿ ಹೌಸ್ ಸರ್ಜನ್ನರು. ಅವರಿಗಿಂತ ಮೇಲೆ ಸ್ನಾತಕೋತ್ತರ ವ್ಯಾಸಂಗದಲ್ಲಿರುವ ರೆಸಿಡೆಂಟರು, ಅವರ ಮೇಲೆ ಸೀನಿಯರ್ ರೆಸಿಡೆಂಟರು, ಎಲ್ಲರ ಮೇಲೆ ಪ್ರಾಧ್ಯಾಪಕರು ಅಥವಾ ತಜ್ಞರು. ತುರ್ತು ವೈದ್ಯಕೀಯವೆಂಬುದು ನಮ್ಮ ದೇಶದಲ್ಲಿ ಪ್ರತ್ಯೇಕ ಎಂ.ಡಿ. ವಿಷಯವಾಗಿ ಮನ್ನಣೆ ಪಡೆದದ್ದು 2009ರಲ್ಲಿ ಮಾತ್ರ. ಆದ್ದರಿಂದ ಅನೇಕ ಊರುಗಳಲ್ಲಿ ರಾತ್ರಿಯ ಹೊತ್ತು ರೋಗಿಯನ್ನು ಮೊದಲು ಮುಟ್ಟುವ ಕೈ ಹೌಸ್ ಸರ್ಜನ್ನನದೋ ರೆಸಿಡೆಂಟನದೋ ಆಗಿರುತ್ತದೆ. ಖಾಸಗಿ ಆಸ್ಪತ್ರೆಗಳಲ್ಲಿ ರಾತ್ರಿಪಾಳಿಯ ಡ್ಯೂಟಿ ಡಾಕ್ಟರರಾಗಿ ನಮ್ಮ ಬಿ.ಎ.ಎಂ.ಎಸ್. ಪದವೀಧರರು ಇರುವುದೂ ಉಂಟು. ಈ ಏರ್ಪಾಡಿನ ಬಗೆಗೆ ವಾದಗಳಿವೆ, ಇಲ್ಲಿ ಅವನ್ನು ಎತ್ತುವುದಿಲ್ಲ. ಕಿರಿಯರು ಒಬ್ಬಂಟಿಗರಲ್ಲವೆಂಬುದನ್ನು ಮಾತ್ರ ಓದುಗರು ಗಮನಿಸಬೇಕು: ದೊಡ್ಡ ಡಾಕ್ಟರು ಫೋನಿನ ಆಚೆ ತುದಿಯಲ್ಲಿರುತ್ತಾರೆ, ಅಥವಾ ಮೇಲಿನ ಮಹಡಿಯ ಶಸ್ತ್ರಚಿಕಿತ್ಸಾಗಾರದಲ್ಲಿ ಇನ್ನೊಬ್ಬರ ಹೊಟ್ಟೆ ತೆರೆದು ನಿಂತಿರುತ್ತಾರೆ. ಯಾವಾಗ ಅವರನ್ನು ಕರೆಯಬೇಕೆಂಬುದನ್ನು ಅರಿಯುವುದೇ ಕಿರಿಯ ವೈದ್ಯರು ಕಲಿಯುವ ಮೊದಲ ವಿದ್ಯೆ. ಕರೆಯಲು ಅಂಜುವವರು ಕೆಟ್ಟ ವೈದ್ಯರಾಗುತ್ತಾರೆ, ಎಲ್ಲದಕ್ಕೂ ಕರೆಯುವವರು ಎಂದೂ ವೈದ್ಯರಾಗುವುದಿಲ್ಲ.

ಇನ್ನು ಜಗಳಕ್ಕೆ ಮುಖ್ಯ ಕಾರಣವಾಗುವ ವಿಷಯ. ‘ನಾವು ಮೊದಲು ಬಂದೆವು, ಅವರನ್ನೇಕೆ ಮೊದಲು ನೋಡಿದಿರಿ?’ ಹೊರರೋಗಿ ವಿಭಾಗದಲ್ಲಿ ಚೀಟಿಯ ಸಂಖ್ಯೆಯೇ ನ್ಯಾಯ. ತುರ್ತು ವಿಭಾಗದಲ್ಲಿ ಆ ನ್ಯಾಯ ನಡೆಯದು. ಅಲ್ಲಿ ನಡೆಯುವುದು ‘ಟ್ರಯಾಜ್’ ಎಂಬ ವಿಂಗಡಣೆ. ಈ ಪದ ಫ್ರೆಂಚ್ ಭಾಷೆಯದು. ಆರಿಸು, ಬೇರ್ಪಡಿಸು ಎಂದು ಅದರ ಅರ್ಥ. ನೆಪೋಲಿಯನ್ನನ ಸೈನ್ಯದ ಶಸ್ತ್ರವೈದ್ಯನಾಗಿದ್ದ ಡೊಮಿನಿಕ್ ಜೀನ್ ಲಾರೆ ಗಾಯಾಳುಗಳನ್ನು ಅಧಿಕಾರ, ಅಂತಸ್ತು ನೋಡದೆ ಗಾಯದ ತೀವ್ರತೆಯ ಮೇಲೆ ನೋಡಬೇಕೆಂಬ ಪದ್ಧತಿ ಹಾಕಿದನು. ದಂಡನಾಯಕನಿಗಿಂತ ಮೊದಲು ಸಾಮಾನ್ಯ ಸಿಪಾಯಿಗೆ ಚಿಕಿತ್ಸೆ ದೊರೆಯುವುದು ಅಂದಿನ ಕಾಲಕ್ಕೆ ಸಣ್ಣ ಮಾತಾಗಿರಲಿಲ್ಲ. ನಮ್ಮ ಊರುಗಳಲ್ಲಿ ಇಂದಿಗೂ ಅದು ಸಣ್ಣ ಮಾತಲ್ಲ. ಇಂದು ಆಸ್ಪತ್ರೆಗಳಲ್ಲಿ ಕೆಂಪು, ಹಳದಿ, ಹಸಿರು ಬಣ್ಣಗಳಿಂದ ಈ ವಿಂಗಡಣೆ ನಡೆಯುತ್ತದೆ. ಉಸಿರಿಗೆ, ರಕ್ತಚಲನೆಗೆ, ಎಚ್ಚರಕ್ಕೆ ಈ ಕ್ಷಣ ಅಪಾಯವಿರುವವರು ಕೆಂಪು. ಕಾಯಬಲ್ಲರು ಆದರೆ ಬಹಳ ಹೊತ್ತಲ್ಲ ಎಂಬವರು ಹಳದಿ. ನಡೆದು ಬಂದ, ನೋವಿದ್ದರೂ ಪ್ರಾಣಭಯವಿಲ್ಲದವರು ಹಸಿರು. ಬಸ್ಸು ಉರುಳಿದಂತಹ ಸಾಮೂಹಿಕ ಅಪಘಾತದಲ್ಲಿ ಕಪ್ಪು ಎಂಬ ನಾಲ್ಕನೆಯ ಬಣ್ಣವೂ ಸೇರುತ್ತದೆ. ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ಒಂದು ವಿಪರ್ಯಾಸವಿದೆ. ಜೋರಾಗಿ ಕೂಗುವವನು ಸಾಮಾನ್ಯವಾಗಿ ಅತ್ಯಂತ ಅಪಾಯದಲ್ಲಿರುವವನಲ್ಲ. ಕೂಗಲು ಉಸಿರು ಬೇಕು, ಎಚ್ಚರ ಬೇಕು. ಕಾಲುಮೂಳೆ ಮುರಿದವನು ಆಸ್ಪತ್ರೆಯನ್ನೇ ನಡುಗಿಸುತ್ತಾನೆ. ಮೂಲೆಯ ಮಂಚದಲ್ಲಿ ಬೆವೆತು ತಣ್ಣಗಾಗಿ, ಕೇಳಿದ್ದಕ್ಕೆ ಮೆಲ್ಲಗೆ ‘ಹೂಂ’ ಎನ್ನುವ ವೃದ್ಧನ ರಕ್ತದೊತ್ತಡ ಕುಸಿಯುತ್ತಿರುತ್ತದೆ. ಸುಶ್ರುತಾಚಾರ್ಯರು 107 ಮರ್ಮಗಳನ್ನು ಎಣಿಸಿ ಅವುಗಳಲ್ಲಿ 19ನ್ನು ಸದ್ಯಃಪ್ರಾಣಹರವೆಂದೂ, ಕೇವಲ 8ನ್ನು ರುಜಾಕರ, ಅಂದರೆ ನೋವನ್ನು ಮಾತ್ರ ಉಂಟುಮಾಡುವವು ಎಂದೂ ಬೇರ್ಪಡಿಸಿದ್ದಾರೆ. ಪ್ರಾಣ ತೆಗೆಯುವ ಪೆಟ್ಟು ಬೇರೆ, ನೋವು ಕೊಡುವ ಪೆಟ್ಟು ಬೇರೆ ಎಂಬ ವಿವೇಕ ನಮ್ಮ ಶಾಸ್ತ್ರಕ್ಕೆ ಹೊಸದಲ್ಲವೆಂಬುದಕ್ಕೆ ಇದು ಸಾಕ್ಷಿ. ಆ ವಿವೇಕವನ್ನು ಗದ್ದಲದ ನಡುವೆ, ಎರಡು ನಿಮಿಷದೊಳಗೆ, ನಿದ್ದೆಯಿಲ್ಲದ ಕಣ್ಣಿನಿಂದ ಪ್ರಯೋಗಿಸಬೇಕಾಗಿರುವುದು ಆ ಇಪ್ಪತ್ಮೂರರ ಹುಡುಗಿ.

ಕೆಲಸದ ಸ್ವರೂಪ ತಿಳಿಯಬೇಕಾದರೆ ನಮ್ಮ ಸೀಮೆಗೆ ಸಹಜವಾದ ಎರಡು ಪ್ರಸಂಗಗಳನ್ನು ತುಸು ವಿವರವಾಗಿ ನೋಡುವುದು ಲೇಸು. ಮೊದಲನೆಯದು ಹಾವಿನ ಕಡಿತ.

ಮುಂಗಾರು ಬಿತ್ತನೆಯ ಹೊತ್ತಿನಲ್ಲಿ, ರಾತ್ರಿ ಹೊಲಕ್ಕೆ ನೀರು ಬಿಡಲು ಹೋದ ರೈತನನ್ನು ಕರೆತರುತ್ತಾರೆ. ಕಡಿದ ಜಾಗದ ಮೇಲೆ ಹಗ್ಗದಿಂದಲೋ ಪಂಚೆಯಿಂದಲೋ ಬಿಗಿಯಾಗಿ ಕಟ್ಟಿರುತ್ತಾರೆ. ಕಡಿತದಿಂದ ನಾಲ್ಕು ಅಂಗುಲ ಮೇಲೆ ಬಂಧಿಸಬೇಕೆಂಬ ವಿಧಿ ಸುಶ್ರುತಸಂಹಿತೆಯ ಕಲ್ಪಸ್ಥಾನದಲ್ಲಿ ಇರುವುದು ನಿಜ. ಆದರೂ ಆಯುರ್ವೇದ ವೈದ್ಯರಾಗಿಯೇ ನಾವು ಹೇಳುತ್ತೇವೆ: ಇಂದು ಹಾಗೆ ಕಟ್ಟಬಾರದು. ಕೊಳಕುಮಂಡಲದ ವಿಷ ಕಡಿದ ಭಾಗದ ಮಾಂಸವನ್ನೇ ಕೊಳೆಯಿಸುತ್ತದೆ. ಬಿಗಿದ ಕಟ್ಟು ಅದಕ್ಕೆ ನೆರವಾಗಿ ಕಾಲನ್ನೇ ಕಳೆಯುತ್ತದೆ. ಆಸ್ಪತ್ರೆಯಲ್ಲಿ ಕಟ್ಟು ಬಿಚ್ಚಿದೊಡನೆ ತಡೆದಿದ್ದ ವಿಷ ಒಮ್ಮೆಲೇ ಮೇಲೇರುವ ಭಯವೂ ಇದೆ. ಪ್ರತಿವಿಷವೆಂಬುದು ಇಲ್ಲದಿದ್ದ ಕಾಲದಲ್ಲಿ ಕಟ್ಟುವುದೊಂದೇ ದಾರಿಯಾಗಿತ್ತು. ಈಗ ಕಾಲನ್ನು ಅಲುಗದಂತೆ ಇರಿಸಿ, ನಡೆಸದೆ, ನೇರವಾಗಿ ಆಸ್ಪತ್ರೆಗೆ ಸಾಗಿಸುವುದೇ ಶಾಸ್ತ್ರ. ಹಾವನ್ನು ಕೊಂದು ಚೀಲದಲ್ಲಿ ತರುವ ಅಗತ್ಯವೂ ಇಲ್ಲ. ಕೊಲ್ಲಲು ಹೋಗಿ ಎರಡನೆಯವರು ಕಡಿಸಿಕೊಂಡು ಬರುವುದನ್ನು ಕಂಡಿದ್ದೇವೆ.

ಬಂದ ರೋಗಿಯ ತೋಳಿನಿಂದ ಕಿರಿಯ ವೈದ್ಯ ಎರಡು ಮಿ.ಲೀ. ರಕ್ತ ತೆಗೆದು ಒಣಗಿದ ಶುದ್ಧವಾದ ಗಾಜಿನ ನಳಿಗೆಗೆ ಹಾಕಿ ಅಲುಗಿಸದೆ ಇಡುತ್ತಾನೆ. ಸರಿಯಾಗಿ 20 ನಿಮಿಷದ ನಂತರ ನಳಿಗೆಯನ್ನು ಒಮ್ಮೆ ಓರೆ ಮಾಡುತ್ತಾನೆ. ರಕ್ತ ಹೆಪ್ಪುಗಟ್ಟಿ ನಿಂತರೆ ಸದ್ಯಕ್ಕೆ ನೆಮ್ಮದಿ. ನೀರಿನಂತೆ ಹರಿದರೆ ಮಂಡಲದ ಹಾವಿನ ವಿಷ ರಕ್ತಕ್ಕೆ ಸೇರಿತೆಂದು ಅರ್ಥ. ಪ್ಲಾಸ್ಟಿಕ್ ನಳಿಗೆ ನಡೆಯದು, ಸಾಬೂನಿನಿಂದ ತೊಳೆದ ನಳಿಗೆಯೂ ನಡೆಯದು; ಎರಡೂ ಸುಳ್ಳು ಹೇಳುತ್ತವೆ. ಯಾವ ಯಂತ್ರವೂ ಬೇಡದ, ಗಡಿಯಾರವೊಂದೇ ಬೇಕಾದ ಈ ಪರೀಕ್ಷೆ ನಮಗೆ ಬಹಳ ಮೆಚ್ಚುಗೆಯಾದುದು. ಆದರೆ ಆ ಇಪ್ಪತ್ತು ನಿಮಿಷ ಹೊರಗಿನವರಿಗೆ ‘ಡಾಕ್ಟರ್ ಸುಮ್ಮನೆ ನಿಂತಿದ್ದಾನೆ’ ಎಂದು ಕಾಣುತ್ತದೆ.

ಕಟ್ಟುಹಾವಿನದು ಬೇರೆ ಬಗೆ. ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲಿ ಕಡಿಯುತ್ತದೆ. ಉರಿಯಿಲ್ಲ, ಬಾವಿಲ್ಲ, ಹಲ್ಲಿನ ಗುರುತೂ ಕಾಣದಿರಬಹುದು. ನಸುಕಿನಲ್ಲಿ ಹೊಟ್ಟೆನೋವೆಂದು ಎದ್ದ ಮಗುವಿನ ಕಣ್ಣುರೆಪ್ಪೆಗಳು ಜೋಲುತ್ತವೆ, ನುಂಗಲಾಗದು, ಮಾತು ತೊದಲುತ್ತದೆ, ಕೊನೆಗೆ ಉಸಿರಾಟದ ಸ್ನಾಯುಗಳೇ ಸೋಲುತ್ತವೆ. ಹೊಟ್ಟೆನೋವಿನ ಮಗುವಿನ ರೆಪ್ಪೆಯತ್ತ ನೋಡುವ ಅಭ್ಯಾಸವುಳ್ಳ ಹೌಸ್ ಸರ್ಜನ್ನನಿಂದ ಮಗು ಉಳಿಯುತ್ತದೆ. ಉಸಿರು ಸೋತರೂ ವೆಂಟಿಲೇಟರಿನ ಆಸರೆಯಲ್ಲಿ ಇಟ್ಟರೆ ಇಂತಹ ರೋಗಿಗಳು ದಿನಗಳ ಮೇಲೆ ಪೂರ್ಣವಾಗಿ ಚೇತರಿಸಿಕೊಳ್ಳಬಲ್ಲರು. ಅವರಿಗೆ ಎಲ್ಲವೂ ಕೇಳಿಸುತ್ತಿರುತ್ತದೆ, ಕಣ್ಣು ತೆರೆಯಲಾಗದು, ಅಷ್ಟೇ. ಮಂಚದ ಪಕ್ಕದಲ್ಲಿ ನಿಂತು ‘ಇನ್ನು ಆಸೆಯಿಲ್ಲ’ ಎಂದು ಮಾತಾಡುವ ಬಂಧುಗಳು ಇದನ್ನು ನೆನಪಿಡಬೇಕು.

ನಮ್ಮಲ್ಲಿ ದೊರೆಯುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕು ಹಾವುಗಳ ವಿಷಕ್ಕೆ ಸಿದ್ಧವಾದುದು. ಸಾಮಾನ್ಯವಾಗಿ ಮೊದಲ ಸರತಿಗೆ 10 ಸೀಸೆಗಳು. ಪುಡಿಯ ರೂಪದ ಪ್ರತಿಯೊಂದು ಸೀಸೆಗೂ 10 ಮಿ.ಲೀ. ನೀರು ಸೇರಿಸಿ, ಕುಲುಕದೆ, ನೊರೆಯೇಳದಂತೆ ಮೆಲ್ಲಗೆ ತಿರುಗಿಸುತ್ತ ಕರಗಿಸಬೇಕು. ಮಗುವಿಗೂ ದೊಡ್ಡವರಷ್ಟೇ ಪ್ರಮಾಣ, ಏಕೆಂದರೆ ಹಾವು ಮಗುವೆಂದು ಕಡಿಮೆ ವಿಷ ಬಿಡುವುದಿಲ್ಲ. ಪ್ರತಿವಿಷವೇ ಕೆಲವರಿಗೆ ಒಗ್ಗದೆ ಮೈಯೆಲ್ಲ ದದ್ದೆದ್ದು ರಕ್ತದೊತ್ತಡ ಇಳಿಯಬಹುದಾದ್ದರಿಂದ ಅಡ್ರಿನಲಿನ್ ಸೂಜಿಯನ್ನು ಮೊದಲೇ ತುಂಬಿ ಕೈಯಳತೆಯಲ್ಲಿಟ್ಟು, ಆರಂಭದ ನಿಮಿಷಗಳಲ್ಲಿ ವೈದ್ಯನು ಮಂಚ ಬಿಟ್ಟು ಕದಲುವಂತಿಲ್ಲ. ಆರು ಗಂಟೆಗೊಮ್ಮೆ ಮತ್ತೆ ಅದೇ ಗಾಜಿನ ನಳಿಗೆ, ಅದೇ ಇಪ್ಪತ್ತು ನಿಮಿಷ. ಏನೂ ಲಕ್ಷಣವಿಲ್ಲದಿದ್ದರೂ 24 ಗಂಟೆ ಇರಿಸಿಕೊಳ್ಳುತ್ತಾರೆ. 2024ರಲ್ಲಿ ಕರ್ನಾಟಕ ಸರಕಾರ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡತಕ್ಕ ವ್ಯಾಧಿಯೆಂದು ಘೋಷಿಸಿದ ಮೇಲೆ ಬರೆಯುವ ಕೆಲಸವೂ ಹೆಚ್ಚಿದೆ. ಆದರೆ ಎಷ್ಟು ಜನ ಸಾಯುತ್ತಾರೆಂಬ ಲೆಕ್ಕವಿಲ್ಲದೆ ಎಷ್ಟು ಸೀಸೆ ಬೇಕೆಂಬ ಲೆಕ್ಕ ಹೇಗೆ ಸಿಗಬೇಕು?

ಎರಡನೆಯದು ಹೇಳಲು ಕಷ್ಟವಾದ ಪ್ರಸಂಗ: ಕೀಟನಾಶಕ ಸೇವನೆ. ಸಾಲ, ಸಂಸಾರದ ಕಲಹ, ಪರೀಕ್ಷೆಯ ಸೋಲು, ಒಂದು ಗಳಿಗೆಯ ಸಿಟ್ಟು. ನಮ್ಮ ಹಳ್ಳಿಗಳ ಮನೆಗಳಲ್ಲಿ ಬೆಳೆಗೆ ಸಿಂಪಡಿಸುವ ವಿಷ ಅಟ್ಟದ ಮೇಲೆ ಕೈಗೆಟುಕುವಂತೆ ಇರುವುದೇ ಅರ್ಧ ಅನರ್ಥಕ್ಕೆ ಕಾರಣವೆಂದು ನಮ್ಮ ಖಚಿತ ಅಭಿಪ್ರಾಯ. ಮನೆಯವರು ವಾಂತಿ ಮಾಡಿಸಲೆಂದು ಉಪ್ಪುನೀರು, ಸಗಣಿನೀರು ಕುಡಿಸಿ ತರುತ್ತಾರೆ. ಎಚ್ಚರ ತಪ್ಪುತ್ತಿರುವವರಿಗೆ ಕುಡಿಸಿದ್ದು ಹೊಟ್ಟೆಗಿಂತ ಮೊದಲು ಶ್ವಾಸಕೋಶಕ್ಕೆ ಹೋಗುತ್ತದೆ. ವಿಷದಿಂದ ಬದುಕಿದವರು ನ್ಯುಮೋನಿಯಾದಿಂದ ಸಾಯುತ್ತಾರೆ. ಏನನ್ನೂ ಕುಡಿಸದೆ, ಒಂದು ಮಗ್ಗುಲಿಗೆ ಮಲಗಿಸಿ, ವಿಷ ಚೆಲ್ಲಿದ ಬಟ್ಟೆ ತೆಗೆದು, ವಿಷದ ಡಬ್ಬಿಯನ್ನು ಜೊತೆಯಲ್ಲಿ ತೆಗೆದುಕೊಂಡು 108ಕ್ಕೆ ಕರೆ ಮಾಡುವುದೇ ಮನೆಯವರು ಮಾಡಬೇಕಾದ ಚಿಕಿತ್ಸೆ.

ಡಬ್ಬಿಯ ವಿಷಯವನ್ನು ಒತ್ತಿ ಹೇಳಬೇಕಾಗಿದೆ. ಪೊಲೀಸರ ಭಯದಿಂದ, ಮರ್ಯಾದೆಯ ಭಯದಿಂದ, ಎಷ್ಟೋ ಮನೆಯವರು ‘ಊಟದಲ್ಲಿ ಏನೋ ಆಗಿದೆ’ ಎನ್ನುತ್ತಾರೆ. ವೈದ್ಯೆ ರೋಗಿಯ ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿರುವುದನ್ನು, ಬಾಯಿಂದ ನೊರೆ, ಮೈತುಂಬ ಬೆವರು, ಉಸಿರಿನ ವಾಸನೆ ಇವನ್ನು ಕಂಡು ತಾನೇ ಅರಿಯುತ್ತಾಳೆ. ಆದರೆ ಯಾವ ವಿಷವೆಂದು ತಿಳಿಯದೆ ಅಮೂಲ್ಯವಾದ ಹೊತ್ತು ಕಳೆಯುತ್ತದೆ. ಬಂಧುಗಳು ತಿಳಿದಿರಲಿ: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 115ನೆಯ ಕಲಮಿನ ಪ್ರಕಾರ ಇಂತಹ ಪ್ರಯತ್ನ ಮಾಡಿದವರು ತೀವ್ರ ಮನೋಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309ನೆಯ ಕಲಮು ಮೊದಲಿನ ರೂಪದಲ್ಲಿ ಉಳಿದಿಲ್ಲ. ಆಸ್ಪತ್ರೆಯವರು ಎಂ.ಎಲ್.ಸಿ. ಎಂದು ದಾಖಲಿಸಿ ಪೊಲೀಸರಿಗೆ ತಿಳಿಸುವುದು ಅವರ ಕರ್ತವ್ಯ, ದ್ವೇಷವಲ್ಲ.

ಚಿಕಿತ್ಸೆಯೆಂದರೆ ಅಟ್ರೋಪಿನ್. ಎದೆಯೊಳಗಿನ ಗೊರಗೊರ ಸದ್ದು ಅಡಗಿ, ಬೆವರು ಒಣಗಿ, ನಾಡಿ ಚುರುಕಾಗುವವರೆಗೆ ಐದೈದು ನಿಮಿಷಕ್ಕೊಮ್ಮೆ ಪ್ರಮಾಣವನ್ನು ಇಮ್ಮಡಿಗೊಳಿಸುತ್ತ ಹೋಗಬೇಕು. ನಮ್ಮಲ್ಲಿ ಸಾಮಾನ್ಯವಾಗಿ ದೊರೆಯುವ ಅಟ್ರೋಪಿನ್ ಆಂಪ್ಯೂಲಿನಲ್ಲಿರುವುದು 0.6 ಮಿ.ಗ್ರಾಂ. 12 ಮಿ.ಗ್ರಾಂ ಬೇಕಾದರೆ 20 ಆಂಪ್ಯೂಲುಗಳ ಕತ್ತು ಮುರಿಯಬೇಕು. ಗಾಜಿನಿಂದ ಬೆರಳು ಕುಯ್ದುಕೊಳ್ಳದ ಹೌಸ್ ಸರ್ಜನ್ನನಿಲ್ಲ. ಔಷಧ ಹೆಚ್ಚಾದರೆ ರೋಗಿ ಗಾಳಿಯಲ್ಲಿ ಏನನ್ನೋ ಹಿಡಿಯುತ್ತ, ಬಡಬಡಿಸುತ್ತ, ಎದ್ದು ಓಡಲು ನೋಡುತ್ತಾನೆ. ಬಂಧುಗಳು ‘ಗಾಳಿ ಸೋಕಿತು’ ಎಂದು ತಾಯಿತಕ್ಕೆ ಓಡುತ್ತಾರೆ. ಹೆಚ್ಚೂ ಆಗದೆ ಕಡಿಮೆಯೂ ಆಗದೆ ಆ ಸೂಕ್ಷ್ಮರೇಖೆಯ ಮೇಲೆ ರೋಗಿಯನ್ನು ರಾತ್ರಿಯೆಲ್ಲ ನಡೆಸುವ ಕೆಲಸ ಕಿರಿಯ ವೈದ್ಯರದು ಮತ್ತು ದಾದಿಯರದು.

ಎರಡನೆಯ ದಿನ ರೋಗಿ ಎದ್ದು ಕುಳಿತು ಮಾತಾಡುತ್ತಾನೆ. ‘ಆರಾಮಾದ, ಮನಿಗೆ ಕರಕೊಂಡು ಹೋಗ್ತೀವಿ’ ಎಂದು ಮನೆಯವರು ಸಹಿ ಮಾಡಲು ಮುಂದಾಗುತ್ತಾರೆ. ಆದರೆ ಈ ವಿಷದಲ್ಲಿ ಒಂದರಿಂದ ನಾಲ್ಕು ದಿನಗಳೊಳಗೆ ಮತ್ತೆ ಸ್ನಾಯುಗಳು ಸೋಲುವ ಘಟ್ಟವೊಂದಿದೆ. ಮೊದಲ ಕುರುಹು ಎಂದರೆ ದಿಂಬಿನಿಂದ ತಲೆ ಎತ್ತಲಾಗದಿರುವುದು, ಅನಂತರ ಉಸಿರು. ಆದ್ದರಿಂದಲೇ ಆ ಹುಡುಗಿ ಬೆಳಿಗ್ಗೆ ಸಂಜೆ ಬಂದು ‘ತಲೆ ಎತ್ತಿ ನೋಡೋಣ’ ಎನ್ನುವುದು. ಅದು ವ್ಯಾಯಾಮವಲ್ಲ. ಆ ನಾಲ್ಕು ದಿನ ಮುಗಿಯುವವರೆಗೆ ಯಾರೂ ಅವಸರ ಮಾಡಬಾರದು. ಅಗದತಂತ್ರವನ್ನು ಅಷ್ಟಾಂಗಗಳಲ್ಲಿ ಒಂದಾಗಿ ಓದಿದ ನಮ್ಮಂತಹವರೂ ಇಂತಹ ರೋಗಿಯನ್ನು ನಮ್ಮ ಚಿಕಿತ್ಸಾಲಯದಲ್ಲಿ ಒಂದು ಗಳಿಗೆಯೂ ಇರಿಸಿಕೊಳ್ಳತಕ್ಕದ್ದಲ್ಲ. ಬದುಕಿ ಬಂದವರ ಮನಸ್ಸಿಗೆ ಬೇಕಾದ ಆಸರೆಗೆ ಟೆಲಿ ಮಾನಸ್ ಎಂಬ ಸರಕಾರಿ ದೂರವಾಣಿ ಸೇವೆ 14416 ಎಂಬ ಸಂಖ್ಯೆಯಲ್ಲಿ ಹಗಲಿರುಳೂ ದೊರೆಯುತ್ತದೆ, ಕನ್ನಡದಲ್ಲಿಯೇ ಮಾತಾಡಬಹುದು. ಮನಸ್ಸು ಕುಗ್ಗಿದವರು ಅನಾಹುತದವರೆಗೆ ಕಾಯದೆ ಇಂದೇ ಕರೆ ಮಾಡಬಹುದು.

ಹೃದಯಾಘಾತ, ಪಾರ್ಶ್ವವಾಯುಗಳ ಬಗೆಗೆ ಈ ಪತ್ರಿಕೆಯಲ್ಲಿ ಬೇರೆ ಸಂದರ್ಭಗಳಲ್ಲಿ ಚರ್ಚೆಯಾಗುವುದರಿಂದ ಚಿಕ್ಕದಾಗಿ ಹೇಳುತ್ತೇವೆ. ಎದೆನೋವೆಂದು ಬಂದವರಿಗೆ ಹತ್ತು ನಿಮಿಷದೊಳಗೆ ಇ.ಸಿ.ಜಿ. ತೆಗೆಯಬೇಕೆಂಬುದು ನಿಯಮ. ಆದರೆ ನಮ್ಮವರು ‘ಎದೆನೋವು’ ಎನ್ನುವುದೇ ಇಲ್ಲ. ‘ಗ್ಯಾಸ್ ಆಗೇತಿ’, ‘ಎದಿ ಹಿಡದಂಗ ಆಗೇತಿ’, ‘ಸಂಕಟ’ ಎನ್ನುತ್ತಾರೆ. ಅಖಿಲ ಭಾರತ ಕೋಟಾದಲ್ಲಿ ರಾಜಸ್ಥಾನದಿಂದಲೋ ಕೇರಳದಿಂದಲೋ ಬಂದ ಕಿರಿಯ ವೈದ್ಯನಿಗೆ ‘ಬ್ಯಾನಿ’ ಎಂದರೆ ನೋವು, ‘ದಮ್ಮು’ ಎಂದರೆ ಉಬ್ಬಸ ಎಂದು ತಿಳಿಸಿಕೊಡುವ ಗುರುಗಳು ವಾರ್ಡಿನ ದಾದಿಯರೇ. ಲಕ್ವಾ ಹೊಡೆದವರಿಗೆ ನಾಲ್ಕೂವರೆ ಗಂಟೆಯೊಳಗೆ ಮಾತ್ರ ಹೆಪ್ಪು ಕರಗಿಸುವ ಚುಚ್ಚುಮದ್ದು ನೀಡಬಹುದು. ಅದೂ ಸ್ಕ್ಯಾನ್ ಮಾಡಿ ರಕ್ತಸ್ರಾವವಿಲ್ಲವೆಂದು ಖಾತ್ರಿಯಾದ ಮೇಲೆ. ಆ ಹೊತ್ತನ್ನು ನಾಟಿ ಔಷಧಿ ಹುಡುಕುತ್ತ ಕಳೆದು ಬರುವವರನ್ನು ಕಂಡಾಗ ಪಕ್ಷಾಘಾತ ಚಿಕಿತ್ಸೆಯನ್ನೇ ಬಹುಕಾಲ ಮಾಡಿಕೊಂಡು ಬಂದ ನಮಗೆ ಹೊಟ್ಟೆ ಉರಿಯುತ್ತದೆ. ನಮ್ಮ ಅಭ್ಯಂಗ, ಬಸ್ತಿಗಳಿಗೆ ಮುಂದೆ ತಿಂಗಳುಗಳೇ ಇವೆ.

ಕಾನೂನಿನ ಮಾತು ಬಂದಾಗ ಒಂದು ತೀರ್ಪನ್ನು ಸ್ಮರಿಸಲೇಬೇಕು. ಸ್ಕೂಟರ್ ಸವಾರನೊಬ್ಬ ಕಾರಿನ ಪೆಟ್ಟಿಗೆ ಸಿಕ್ಕಾಗ ಹತ್ತಿರದ ಆಸ್ಪತ್ರೆಯವರು ಇದು ಪೊಲೀಸ್ ಪ್ರಕರಣ, ನಾವು ಮುಟ್ಟುವಂತಿಲ್ಲವೆಂದು ಇಪ್ಪತ್ತು ಕಿಲೋಮೀಟರ್ ದೂರದ ಬೇರೊಂದು ಆಸ್ಪತ್ರೆಗೆ ಕಳುಹಿಸಿದರು. ದಾರಿಯಲ್ಲೇ ಅವನು ಪ್ರಾಣ ಬಿಟ್ಟನು. ಪತ್ರಿಕೆಯಲ್ಲಿ ಬಂದ ಈ ಸುದ್ದಿಯ ಆಧಾರದ ಮೇಲೆ ನಡೆದ ಪರಮಾನಂದ ಕಟಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1989ರಲ್ಲಿ ಸರಕಾರಿಯಾಗಲಿ ಖಾಸಗಿಯಾಗಲಿ ಪ್ರತಿಯೊಬ್ಬ ವೈದ್ಯನೂ ಪ್ರಾಣ ಉಳಿಸುವ ಚಿಕಿತ್ಸೆಯನ್ನು ಮೊದಲು ನೀಡಬೇಕು, ಕಾಗದಪತ್ರ ಆಮೇಲೆ ಎಂದು ವಿಧಿಸಿತು. ಗಾಯಾಳುವನ್ನು ಕರೆತಂದವರನ್ನು ಸತಾಯಿಸಬಾರದೆಂದು ಮೋಟಾರು ವಾಹನ ಕಾಯಿದೆಗೆ 2019ರ ತಿದ್ದುಪಡಿಯಲ್ಲಿ 134ಎ ಕಲಮು ಸೇರಿದೆ. ಹೀಗಾಗಿ ರಸ್ತೆಯಲ್ಲಿ ಬಿದ್ದವರನ್ನು ಎತ್ತಿ ತರಲು ಈಗ ಯಾರೂ ಹೆದರಬೇಕಾಗಿಲ್ಲ.

ಈ ಎಲ್ಲ ಕೆಲಸಗಳಿಗಿಂತ ಕಠಿಣವಾದುದು ಸಾವಿನ ಸುದ್ದಿ ಹೇಳುವುದು. ಹೃದಯದ ರೇಖೆ ಸಪಾಟಾದ ಇ.ಸಿ.ಜಿ. ಕಾಗದವನ್ನು ಕೈಯಲ್ಲಿ ಹಿಡಿದು ಹೊರಗೆ ಬರುವವನು ತನ್ನ ಮನೆಯಲ್ಲಿ ಸಾವನ್ನೇ ಕಂಡಿರದ ಹುಡುಗನಾಗಿರಬಹುದು. ಕನ್ನಡದಲ್ಲಿ ಸಾವಿಗೆ ನೂರು ಮಾತುಗಳಿವೆ, ಅದೇ ತೊಡಕು. ‘ಹೋಗಿಬಿಟ್ಟರು’ ಎಂದರೆ ಬೇರೆ ಆಸ್ಪತ್ರೆಗೆ ಹೋದರೆಂದು ತಿಳಿದವರನ್ನು ನಾವು ನೋಡಿದ್ದೇವೆ. ‘ತುಂಬಾ ಸೀರಿಯಸ್’ ಎಂದರೆ ಇನ್ನೂ ಜೀವವಿದೆಯೆಂದು ನಂಬುತ್ತಾರೆ. ಮನೆಯವರು ಮುಂದೆ ‘ಲಿಂಗೈಕ್ಯರಾದರು’ ಎನ್ನುತ್ತಾರೆ, ಅದು ಅವರ ಶ್ರದ್ಧೆಯ ಮಾತು. ವೈದ್ಯರು ಮಾತ್ರ ‘ತೀರಿಕೊಂಡರು’ ಎಂದು ಸ್ಪಷ್ಟವಾಗಿ ಹೇಳಬೇಕು. ಬಾಗಿಲಲ್ಲಿ ನಿಂತು ಹೇಳದೆ ಅವರನ್ನು ಕೂರಿಸಿ, ತಾನೂ ಕೂತು, ಅವರಿಗೆ ಈವರೆಗೆ ಏನು ತಿಳಿದಿದೆಯೆಂದು ಕೇಳಿ, ಆಮೇಲೆ ಹೇಳಿ, ಅನಂತರ ಸುಮ್ಮನಿರಬೇಕು. ನಮ್ಮ ಕಾಲದಲ್ಲಿ ಇದನ್ನು ಯಾರೂ ಕಲಿಸಲಿಲ್ಲ. ಇಂದಿನ ಪಠ್ಯಕ್ರಮದಲ್ಲಿ ರೋಗಿ ಮತ್ತು ಬಂಧುಗಳೊಡನೆ ಮಾತಾಡುವ ಬಗೆಯನ್ನು ಕಲಿಸುತ್ತಿರುವುದು ಸಂತೋಷದ ಸಂಗತಿ. ಹೇಳಿ ಮುಗಿಸಿದವನಿಗೆ ಅಳಲು ಬಿಡುವಿಲ್ಲ. ಮುಂದಿನ ಮಂಚ ಕಾದಿರುತ್ತದೆ.

ಚರಕಾಚಾರ್ಯರು ತಡೆಯಬಾರದ 13 ವೇಗಗಳನ್ನು ಹೇಳಿದ್ದಾರೆ. ಮಲಮೂತ್ರಗಳು ಮಾತ್ರವಲ್ಲ, ಹಸಿವು, ಬಾಯಾರಿಕೆ, ನಿದ್ದೆ, ಆಕಳಿಕೆ, ದಣಿದವನ ಏದುಸಿರು, ಕಣ್ಣೀರು ಇವೂ ಅದರಲ್ಲಿ ಸೇರಿವೆ. ತುರ್ತು ವಿಭಾಗದ ಪಾಳಿಯನ್ನು ನೋಡಿದರೆ ಇವುಗಳಲ್ಲಿ ಬಹುಪಾಲನ್ನು ಒಂದೇ ರಾತ್ರಿಯಲ್ಲಿ ತಡೆದವರನ್ನು ಕಾಣಬಹುದು. ನೀರು ಕುಡಿದರೆ ಮೂತ್ರಕ್ಕೆ ಹೋಗಬೇಕಾದೀತೆಂದು ನೀರನ್ನೇ ಕುಡಿಯದ ಹುಡುಗಿಯರಿದ್ದಾರೆ. ಮೂತ್ರನಾಳದ ಸೋಂಕಿಗೆ ನಮ್ಮಲ್ಲಿ ಔಷಧ ಕೇಳಲು ಬಂದವರೂ ಇದ್ದಾರೆ. 1992ರ ಕೇಂದ್ರ ಸರಕಾರದ ರೆಸಿಡೆನ್ಸಿ ನಿರ್ದೇಶನದಲ್ಲಿ ದಿನಕ್ಕೆ 12, ವಾರಕ್ಕೆ 48 ಗಂಟೆಗಳಿಗಿಂತ ಹೆಚ್ಚು ದುಡಿಸಬಾರದೆಂದಿದೆ. ನಡೆಯುವುದು 24, 36 ಗಂಟೆಗಳ ಪಾಳಿ. 2024ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ ವಾರಕ್ಕೆ 74 ಗಂಟೆಗಳನ್ನು ಮೀರಬಾರದೆಂದು ಶಿಫಾರಸು ಮಾಡಿತು. ಮೂವತ್ತೆರಡು ವರ್ಷಗಳಲ್ಲಿ ಮಿತಿಯೇ 48ರಿಂದ 74ಕ್ಕೆ ಏರಿದ್ದನ್ನು ಸುಧಾರಣೆಯೆನ್ನಲು ನಮಗೆ ಮನಸ್ಸು ಬಾರದು.

ಇದು ವೈದ್ಯರ ಸೌಖ್ಯದ ಮಾತಷ್ಟೇ ಅಲ್ಲ. 17 ಗಂಟೆ ಎಚ್ಚರವಿದ್ದವರ ಚುರುಕು ರಕ್ತದ 100 ಮಿ.ಲೀ.ಯಲ್ಲಿ 50 ಮಿ.ಗ್ರಾಂ ಮದ್ಯಸಾರವಿದ್ದವರಷ್ಟಕ್ಕೆ ಇಳಿಯುತ್ತದೆಂದು 1997ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ತೋರಿಸಿದರು. ನಮ್ಮ ದೇಶದಲ್ಲಿ ವಾಹನ ಓಡಿಸುವವನಿಗೆ ಮಿತಿ 30 ಮಿ.ಗ್ರಾಂ. ಸ್ಕೂಟರ್ ಓಡಿಸಲು ಕಾನೂನು ಒಪ್ಪದಷ್ಟು ಮಂಕಾದ ಸ್ಥಿತಿಯಲ್ಲಿ ನಾವು ಅವರಿಂದ ಮಗುವಿನ ಔಷಧದ ಪ್ರಮಾಣವನ್ನು ಗುಣಿಸಿಸುತ್ತಿದ್ದೇವೆ. ರಾತ್ರಿಪಾಳಿ ತಪ್ಪದಿದ್ದವರಿಗೆ ವಾಗ್ಭಟಾಚಾರ್ಯರ ಸಲಹೆಯೊಂದು ಇಂದಿಗೂ ಪ್ರಯೋಜನಕಾರಿ: ಎಚ್ಚರವಿದ್ದ ಹೊತ್ತಿನ ಅರ್ಧದಷ್ಟು ಕಾಲ ಮರುದಿನ ಬೆಳಿಗ್ಗೆ ಊಟಕ್ಕೆ ಮೊದಲು ಮಲಗಬೇಕು. ಹೊಟ್ಟೆ ತುಂಬ ತಿಂಡಿ ತಿಂದು ಮಲಗುವ ಹೌಸ್ ಸರ್ಜನ್ನರಿಗೆ ಅಜೀರ್ಣ, ತಲೆಭಾರ ಕಾಡುವುದನ್ನು ಕಂಡು ನಾವು ಈ ಕ್ರಮವನ್ನು ತಿಳಿಸುತ್ತೇವೆ. ಅಭ್ಯಾಸ ಮಾಡಿಕೊಂಡವರು ಮೆಚ್ಚಿದ್ದಾರೆ. ರಾತ್ರಿ ಜಾಗರಣೆಯಿಂದ ರೂಕ್ಷತೆ ಹೆಚ್ಚುವುದರಿಂದ ಪಾಳಿಯ ನಡುವೆ ಚಹಾದ ಬದಲು ಒಂದು ಲೋಟ ಬಿಸಿಹಾಲು, ಗಂಜಿ ಒಳ್ಳೆಯದು. ಕುಳಿತಲ್ಲೇ ತೂಕಡಿಸುವುದು ದೋಷಕಾರಿಯಲ್ಲವೆಂದು ಚರಕಸಂಹಿತೆಯೇ ಹೇಳುತ್ತದೆ. ಮೇಜಿನ ಮೇಲೆ ತಲೆಯಿಟ್ಟ ವೈದ್ಯನ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು ಹಂಚುವವರು ಇದನ್ನು ಅರಿತರೆ ಒಳಿತು.

ಹಲ್ಲೆಗಳ ಬಗೆಗೆ ಬರೆಯಲು ಲೇಖನಿ ತೊಡರುತ್ತದೆ. 2023ರ ಮೇ ತಿಂಗಳಲ್ಲಿ ಕೇರಳದ ಕೊಟ್ಟಾರಕ್ಕರದ ತಾಲ್ಲೂಕು ಆಸ್ಪತ್ರೆಯಲ್ಲಿ, ಪೊಲೀಸರು ಗಾಯಕ್ಕೆ ಚಿಕಿತ್ಸೆಗೆಂದು ಕರೆತಂದಿದ್ದ ವ್ಯಕ್ತಿಯೇ ಹೌಸ್ ಸರ್ಜನ್ ಆಗಿದ್ದ ಯುವತಿಯನ್ನು ಇರಿದು ಕೊಂದನು. 2024ರ ಆಗಸ್ಟಿನಲ್ಲಿ ಕೋಲ್ಕತ್ತಾದ ವೈದ್ಯಕೀಯ ಕಾಲೇಜೊಂದರಲ್ಲಿ ರಾತ್ರಿ ಪಾಳಿಯಲ್ಲಿದ್ದ ವೈದ್ಯೆಯ ಮೇಲೆ ಅತ್ಯಾಚಾರವೆಸಗಿ ಕೊಂದ ಘಟನೆಯ ನಂತರ ಸುಪ್ರೀಂ ಕೋರ್ಟು ವೈದ್ಯರ ಸುರಕ್ಷತೆಗಾಗಿ ರಾಷ್ಟ್ರೀಯ ಕಾರ್ಯಪಡೆಯನ್ನು ನೇಮಿಸಬೇಕಾಯಿತು. ನಮ್ಮ ರಾಜ್ಯದಲ್ಲಿ ವೈದ್ಯ ಸಿಬ್ಬಂದಿಯ ಮೇಲಿನ ಹಿಂಸೆಯನ್ನು ತಡೆಯುವ ಕಾಯಿದೆ 2009ರಿಂದಲೂ ಇದೆ. ಆದರೆ ರಾತ್ರಿ ಎರಡು ಗಂಟೆಗೆ ಇಪ್ಪತ್ತು ಜನ ಒಳಗೆ ನುಗ್ಗಿದಾಗ ಕಾಯಿದೆ ಬಾಗಿಲಲ್ಲಿ ನಿಂತಿರುವುದಿಲ್ಲ. ರೋಗಿಯೊಡನೆ ಒಬ್ಬರು, ಹೆಚ್ಚೆಂದರೆ ಇಬ್ಬರು ಒಳಗಿದ್ದರೆ ಸಾಕು. ಊರ ಹಿರಿಯರು ಜೊತೆಗೆ ಬಂದಿದ್ದರೆ ಮಿಕ್ಕವರನ್ನು ಹೊರಗೆ ನಿಲ್ಲಿಸುವ ಕೆಲಸ ಅವರದು. ಒಬ್ಬರೇ ಮಾತಾಡಿ, ಅವರೇ ಕೇಳಿಸಿಕೊಂಡು ಹೊರಗಿನವರಿಗೆ ತಿಳಿಸಿದರೆ ಅರ್ಧ ಗದ್ದಲ ಇಲ್ಲವಾಗುತ್ತದೆ.

ಸಾಮಾನ್ಯವಾಗಿ ಬೆಳಗಿನ ಎಂಟು ಗಂಟೆಯ ಸುಮಾರಿಗೆ ಪಾಳಿ ಬದಲಾಗುತ್ತದೆ. ರಾತ್ರಿಯ ವೈದ್ಯರು ಮಂಚದಿಂದ ಮಂಚಕ್ಕೆ ನಡೆದು, ಯಾರಿಗೆ ಏನು ಕೊಟ್ಟಿದೆ, ಯಾವ ವರದಿ ಬರಬೇಕಾಗಿದೆ, ಯಾರ ಮೇಲೆ ಕಣ್ಣಿಡಬೇಕು ಎಂದು ಹೊಸಬರಿಗೆ ಒಪ್ಪಿಸುತ್ತಾರೆ. ಮಾತು ತಪ್ಪಿಹೋಗುವ ಅಪಾಯವಿರುವುದು ಈ ಹೊತ್ತಿನಲ್ಲಿಯೇ. ಆಗ ರೋಗಿಯ ಬಳಿ ಇರುವ ಬಂಧುಗಳು ಚಹಾಕ್ಕೆ ಹೋಗದೆ ಅಲ್ಲಿಯೇ ನಿಂತು, ರಾತ್ರಿ ಕಂಡದ್ದನ್ನು, ಅಂದರೆ ಎರಡು ಸಲ ವಾಂತಿಯಾಯಿತು, ಮೂತ್ರ ಕೆಂಪಗಿತ್ತು, ಮಾತು ತಡವರಿಸಿತು ಎಂಬಿಂಥವನ್ನು, ಹೊಸ ವೈದ್ಯರಿಗೆ ಹೇಳಬೇಕು. ಹಳೆಯ ಚೀಟಿಗಳು, ನಿತ್ಯ ನುಂಗುವ ಗುಳಿಗೆಗಳ ಪೊಟ್ಟಣ, ಸಕ್ಕರೆ ಕಾಯಿಲೆಯ ಇನ್ಸುಲಿನ್, ಯಾವ ಔಷಧಿ ಒಗ್ಗದೆಂಬ ಮಾಹಿತಿ ಇವೆಲ್ಲ ಒಂದು ಕೈಚೀಲದಲ್ಲಿ ಮನೆಯ ಗೂಟಕ್ಕೆ ಸದಾ ತೂಗುಹಾಕಿರಲಿ. ನಮ್ಮಂತಹವರು ಕೊಟ್ಟ ಚೂರ್ಣ, ಕಷಾಯ, ವಿಶೇಷವಾಗಿ ಭಸ್ಮಗಳ ಹೆಸರನ್ನೂ ಮುಚ್ಚಿಡದೆ ಹೇಳಬೇಕು. ಕಿರಿಯ ವೈದ್ಯರು ಒಂದು ಮಾತು ಬಯ್ದರೂ ಚಿಂತೆಯಿಲ್ಲ, ಬರೆದುಕೊಳ್ಳುತ್ತಾರೆ.